ಬೆರಳಿಗೆ ಸುತ್ತಿದ ಬೆಳಕು

ಛತ್ರಿಯ ಮಾತಲ್ಲ, ಅವನು ಬೇರೆ ಏನೋ ಹೇಳಲು ಬಂದಿದ್ದ ಎಂದು ಅವಳಿಗೆ ಹೊಳೆದದ್ದು ಬಸ್ಸು ದೊಡ್ಡ ರಸ್ತೆಗೆ ಹೊರಳಿದ ಮೇಲೆ. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ ತಮ್ಮ ಬಂದು, "ಅಕ್ಕಾ, ನಿ... ನಿನ್ನ..." ಎಂದು ಶುರುಮಾಡಿದ್ದ. ಗಂಟಲ ಪಕ್ಕದ ಆ ನರ ಉಬ್ಬಿದ್ದು ಕಂಡೊಡನೆ, ಚಿಕ್ಕಂದಿನಿಂದ ಬಂದ ಅಭ್ಯಾಸ, ಅವಳ ಬಾಯಿ ಅವನ ಬಾಯಿಗಿಂತ ಮುಂದೆ ಓಡಿತ್ತು. "ಛತ್ರಿ ತಾನೆ? ಬ್ಯಾಗಲ್ಲಿದೆ ಕಣೋ." ಅವನು ಬಾಯಿ ಮುಚ್ಚಿಕೊಂಡು ತಲೆಯಾಡಿಸಿದ. ತಲೆಯಾಡಿಸಿದ್ದು ಛತ್ರಿಗೋ, ಹೋಗಲಿ ಬಿಡು ಎಂಬುದಕ್ಕೋ ಎಂದು ಆಗ ಯೋಚಿಸಲಿಲ್ಲ. ಈಗ ಕಿಟಕಿಯ ಪಕ್ಕ ಕೂತು ಯೋಚಿಸುತ್ತಿದ್ದರೆ, ಅವನ ಆ ಮುಚ್ಚಿದ ಬಾಯಿ ಕಣ್ಣಮುಂದಿನಿಂದ ಹೋಗುತ್ತಿಲ್ಲ. ಮನೆಯಲ್ಲಿ ಎಲ್ಲರೂ ಹಾಗೇ. ತಮ್ಮನ ಹೆಂಡತಿಯಂತೂ ಅವನ ಅರ್ಧ ಮಾತಿಗೆ ತನ್ನ ಅರ್ಧ ಮಾತನ್ನು ಹೊಲಿದು ಕೊಡುವುದರಲ್ಲಿ ಎತ್ತಿದ ಕೈ. ನೀರು ಕೇಳಲು ಹೊರಟರೆ ನಿಂಬೆಹಣ್ಣು ತಂದಿಡುತ್ತಾಳೆ. ಅವನು ನಕ್ಕು, ಬಂದ ನಿಂಬೆಹಣ್ಣನ್ನೇ ಹಿಂಡಿಕೊಂಡು ಊಟ ಮುಗಿಸುತ್ತಾನೆ. ಮನೆಯಲ್ಲಿ ಜಗಳವಿಲ್ಲ, ಎಲ್ಲ ಸುಗಮ. ಗಡಿಯಾರ ರಿಪೇರಿಯ ಅಂಗಡಿಯಲ್ಲಿ ಇಡೀ ದಿನ ಬಾಯಿ ಬಿಡದೆ ಕೂರುವುದೇ ಅವನಿಗೆ ಸುಖ ಎಂದು ಎಲ್ಲರೂ ಸೇರಿ ತೀರ್ಮಾನಿಸಿ ಆಗಿದೆ.

ರಸ್ತೆ ಅಗಲ ಮಾಡುವ ಕೆಲಸ ನಡೆದಿತ್ತು. ಮಣ್ಣು ಅಗೆಯುವ ಯಂತ್ರವೊಂದು ಹಲ್ಲುಗಳ ಬಾಯಿಯನ್ನು ನೆಲಕ್ಕೆ ಇಳಿಸಿ, ಎತ್ತಿ, ಪಕ್ಕಕ್ಕೆ ಉಗುಳುತ್ತಿತ್ತು. ಬಸ್ಸಿನಲ್ಲಿದ್ದವರೆಲ್ಲ ಧೂಳು ಎಂದು ಕಿಟಕಿ ಎಳೆದುಕೊಂಡರು. ಅವಳೊಬ್ಬಳು ಎದ್ದು ನಿಂತು ಹೊಂಡದೊಳಕ್ಕೆ ಬಗ್ಗಿ ನೋಡಿದಳು. ಯಂತ್ರದ ಹಲ್ಲಿಗೂ ಅವಳು ನೋಡಿಕೊಳ್ಳುವ ಫೋನಿನ ಕೇಬಲ್ಲಿಗೂ ನಡುವೆ ಒಂದು ಮಾರು ಮಣ್ಣಿದ್ದರೆ ಹೆಚ್ಚು. ಗುಡ್ಡದಾಚೆಯ ಊರಿನ ಮಾತೆಲ್ಲ ಅದರೊಳಗೆ ಓಡುತ್ತದೆ, ಅಲ್ಲಿನ ಆಂಬ್ಯುಲೆನ್ಸ್ ಕರೆಯುವ ನಂಬರೂ. "ಕೂತ್ಕೊಳಮ್ಮ, ಬಿದ್ದೀಯ," ಎಂದ ಕಂಡಕ್ಟರು, ಬಯ್ದಂತೆ ಹೇಳಿದರೂ ಅವಳ ಮೊಣಕೈ ಹಿಡಿದು ಕೂರಿಸಿದ.

ಟೆಲಿಫೋನ್ ಆಫೀಸಿನ ಟ್ರಾನ್ಸ್‌ಮಿಷನ್ ಕೋಣೆಯಲ್ಲಿ ಎಂದಿನ ಚಳಿ, ಎಂದಿನ ಫ್ಯಾನುಗಳ ಗುಂಯ್‌ಗುಡುವಿಕೆ. ಗುಡಿಸುವವಳು ಅವಳ ಕುರ್ಚಿಯ ಮೇಲೆ ಎ.ಸಿ. ಗಾಳಿ ನೇರ ಬೀಳದಂತೆ ರಟ್ಟಿನ ತುಂಡೊಂದನ್ನು ದಾರ ಕಟ್ಟಿ ತೂಗುಬಿಟ್ಟಿದ್ದಳು. ಯಾರೂ ಹೇಳಿರಲಿಲ್ಲ, ಕೇಳಿರಲಿಲ್ಲ. ಹೋದ ವಾರ ಇವಳು ಕುತ್ತಿಗೆ ಉಜ್ಜಿಕೊಳ್ಳುತ್ತಿದ್ದುದನ್ನು ನೋಡಿದ್ದಳು, ಅಷ್ಟೆ. ಕೂತು, ಬ್ಯಾಗಿಗೆ ಕೈ ಹಾಕಿದಳು. ಛತ್ರಿ ಇತ್ತು. ಊಟದ ಡಬ್ಬಿ ಇತ್ತು. ಎಲ್ಲರೂ ಅವಳನ್ನು ಟಾರ್ಚಕ್ಕ ಎಂದು ಕರೆಯಲು ಕಾರಣವಾದ ಪುಟ್ಟ ಟಾರ್ಚೂ ಇತ್ತು. ಕನ್ನಡಕ ಇರಲಿಲ್ಲ. ನಿನ್ನ ಕನ್ನಡಕ, ಅಕ್ಕ. ಅಷ್ಟೇ ಹೇಳಬೇಕಾಗಿತ್ತು ಅವನಿಗೆ. ಅಷ್ಟನ್ನು ಕೇಳಿಸಿಕೊಳ್ಳುವಷ್ಟು ಹೊತ್ತು ಅವಳು ಆ ಬಾಗಿಲಲ್ಲಿ ನಿಲ್ಲಬಹುದಾಗಿತ್ತು.

ಪರದೆಯ ಮೇಲೆ ಒಂದೇ ಒಂದು ಹಳದಿ ಚುಕ್ಕೆ. ಕನ್ನಡಕವಿಲ್ಲದಿದ್ದರೂ ಬಣ್ಣ ಕಾಣುತ್ತದೆ. ಗುಡ್ಡದ ಬದಲಿ ದಾರಿ. ಪ್ರತಿ ಊರಿಗೂ ಎರಡು ದಾರಿ ಇಟ್ಟಿರುತ್ತಾರೆ. ಒಂದು ಮುಖ್ಯ ದಾರಿ, ಇನ್ನೊಂದು, ಮುಖ್ಯದ್ದು ಕಡಿದುಹೋದರೆ ಕಣ್ಣು ಮಿಟುಕಿಸುವುದರೊಳಗೆ ಮಾತನ್ನೆಲ್ಲ ಎತ್ತಿಕೊಳ್ಳಬೇಕಾದ ಬದಲಿ ದಾರಿ. ಬದಲಿ ದಾರಿಯಲ್ಲಿ ಈಗ ಮಾತಿಲ್ಲ, ಬರಿಯ ಬೆಳಕಿದೆ. ಆ ಬೆಳಕು ಸುಮ್ಮನೆ ಬರುವುದಿಲ್ಲ, ತನ್ನ ಹೆಸರನ್ನು ಹೇಳಿಕೊಳ್ಳುತ್ತಾ ಬರುತ್ತದೆ, ಗುಡ್ಡ, ಗುಡ್ಡ, ಗುಡ್ಡ ಎಂದು ಜಪದ ಹಾಗೆ. ಈ ತುದಿಯ ಯಂತ್ರದಲ್ಲಿ, ಬರಬೇಕಾದ ಹೆಸರು ಯಾವುದು ಎಂದು ಮೊದಲೇ ಬರೆದಿಟ್ಟಿರುತ್ತಾರೆ. ಎರಡೂ ಒಂದೇ ಆದರೆ ಹಸಿರು. ಬೇರೆಯಾದರೆ ಹಳದಿ. ಹಳದಿ ಎಂದರೆ ಬೆಳಕಿಗೆ ಏನೂ ಆಗಿಲ್ಲ, ಬಾಗಿಲು ತಟ್ಟಿದವರು ಮಾತ್ರ ನಾವು ಕಾಯುತ್ತಿದ್ದವರಲ್ಲ. ಗುಡ್ಡದ ಬೆಳಕನ್ನು ಓದುವ ಕಾರ್ಡು ರಿಪೇರಿಗೆ ಹೋಗಿ ನಿನ್ನೆ ಸಂಜೆಯಷ್ಟೇ ಬಂದಿತ್ತು. ಅದನ್ನು ಸಿಕ್ಕಿಸಿ, ಬರಬೇಕಾದ ಹೆಸರನ್ನು ಅದರಲ್ಲಿ ಬರೆದವಳು ಅವಳೇ.

"ಏನ್ ಮೇಡಂ, ನಿನ್ನೆನೂ ಕನ್ನಡಕ ಮರ್ತಿದ್ರಾ?"

ಇನ್‌ಚಾರ್ಜ್ ಹಿಂದೆ ಬಂದು ನಿಂತಿದ್ದ. ಅವಳ ಮಗನಾಗುವಷ್ಟು ವಯಸ್ಸು, ಅಂಗಿಯ ಇಸ್ತ್ರಿ ಎಂದೂ ಕೆಡದ ಹುಡುಗ. ಪಕ್ಕದ ಮೇಜಿನ ಇಬ್ಬರು ನಕ್ಕರು, ಜೋರಾಗಿ ಅಲ್ಲ, ಮೂಗಿನಿಂದ. ಅವಳ ಕಿವಿ ಬಿಸಿಯಾಯಿತು. "ನಿನ್ನೆ ಹಾಕ್ಕೊಂಡಿದ್ದೆ ಸರ್," ಎಂದಳು. ಹೇಳುತ್ತಿದ್ದ ಹಾಗೇ, ಹಾಕಿಕೊಂಡಿದ್ದೆನೇ ಎಂದು ಒಳಗೆ ಒಂದು ಸಣ್ಣ ಹುಳ ಹೊರಳಿತು. ನಿನ್ನೆ ಸಂಜೆ ಬಸ್ಸಿನ ಅವಸರದಲ್ಲಿ ಅವಳು ಕಾಗುಣಿತ ತಪ್ಪಿದ್ದರೆ?

"ಇರ್ಲಿ ಬಿಡಿ, ಯಾರಿಗಾಗಲ್ಲ ಹೇಳಿ. ಮಧ್ಯಾಹ್ನ ಊಟ ಆದ್ಮೇಲೆ ಹೆಡ್ ಆಫೀಸಿನವರು ಬರ್ತಿದಾರೆ. ಗೋಡೆ ಪರದೆ ಪೂರ್ತಿ ಹಸಿರಾಗಿರ್ಬೇಕು. ಬಂದಿರೋ ಹೆಸರನ್ನೇ ಎತ್ತಿ ಬರ್ಬೇಕಾದ ಹೆಸರಿನ ಜಾಗಕ್ಕೆ ಹಾಕ್ಬಿಡಿ. ಒಂದು ಬಟನ್ನು. ಗುಡ್ಡ ನಿಮ್ಮ ಲಾಗಿನ್ನು, ಇಲ್ದಿದ್ರೆ ನಾನೇ ಒತ್ತಿರ್ತಿದ್ದೆ."

"ಹಾಗೆ ಮಾಡಿದ್ರೆ ಅಲಾರಂ ಹೋಗುತ್ತೆ ಸರ್, ತಪ್ಪು ಹೋಗಲ್ಲ."

"ತಪ್ಪು ಇದ್ರೆ ತಾನೆ! ಟೈಪಿಂಗ್ ಮಿಸ್ಟೇಕು ಮೇಡಂ ಅದು. ಇಂಥದ್ದಕ್ಕೆಲ್ಲಾ ತಲೆ ಕೆಡಿಸ್ಕೊಂಡ್ರೆ ತಲೆ ಉಳಿಯುತ್ತಾ?" ಎಂದವನು, ಹೋಗುವ ಮುಂಚೆ ತೂಗುತ್ತಿದ್ದ ರಟ್ಟನ್ನು ನೋಡಿ, ಅದರ ಸಡಿಲ ಗಂಟನ್ನು ಬಿಗಿಮಾಡಿ ಹೋದ. ಕೆಟ್ಟವನಲ್ಲ. ಅದೇ ಕಷ್ಟ.

ಅವಳು ಫೋನು ಎತ್ತಿಕೊಂಡಳು. ಗುಡ್ಡದ ಬದಲಿ ದಾರಿ ಬರುವುದು ಹೊಳೆಯಾಚೆಯ ಸ್ಟೇಷನ್ನಿನ ಮೂಲಕ. ಅಲ್ಲಿ ಒಬ್ಬರೇ ಇರುತ್ತಾರೆ. ಅವಳು ಈ ಕೆಲಸಕ್ಕೆ ಸೇರಿದ ದಿನದಿಂದ ಅವರ ದನಿಯನ್ನು ಬಲ್ಲಳು, ಮುಖವನ್ನು ನೋಡಿಲ್ಲ. ಈ ಕೋಣೆಯಲ್ಲಿ ಎಲ್ಲರೂ ಅವರನ್ನು ಆಚೆತುದಿ ಎನ್ನುತ್ತಾರೆ, ಆಚೆತುದಿಗೆ ಹೇಳು, ಆಚೆತುದಿ ಊಟಕ್ಕೆ ಹೋಗಿದ್ದಾರೆ, ಹೀಗೆ. ಕೆಲಸ ಕಲಿಯುತ್ತಿದ್ದ ಕಾಲದಲ್ಲಿ ಅವಳು ತಪ್ಪು ತಂತಿ ಕಿತ್ತು ಅರ್ಧ ಊರಿನ ಮಾತು ನಿಲ್ಲಿಸಿದಾಗ, ಅತ್ತಲಿಂದ ಅವರು, "ಅಳ್ಬೇಡ ತಂಗಿ, ಮೊದಲು ಸಿಕ್ಸು, ಆಮೇಲೆ ಅಳು, ನಾನು ಲೈನಲ್ಲೇ ಇರ್ತೀನಿ," ಎಂದಿದ್ದರು. ನಿಜಕ್ಕೂ ಲೈನಿನಲ್ಲೇ ಇದ್ದರು, ಅವಳ ಅಳು ಮುಗಿಯುವವರೆಗೆ ಒಂದು ಮಾತೂ ಆಡದೆ. ಈ ತಿಂಗಳ ಕೊನೆಗೆ ಅವರು ನಿವೃತ್ತರು.

"ಅಣ್ಣಾ, ಆವತ್ತು ನಿಮ್ಮ ಪ್ಯಾನೆಲ್ಲಿನ ಎಳೆಗಳನ್ನ ಬಿಚ್ಚಿ ಒರ್ಸಿದ್ರಲ್ಲ. ವಾಪಸ್ ಎಲ್ಲಾ ಅದರದರ ಜಾಗಕ್ಕೇ ಹೋಯ್ತಲ್ವಾ?"

"ಹೋಯ್ತು ತಂಗಿ, ಎಲ್ಲಾ ಸರಿ ಇದೆ," ಎಂದರು ಆಚೆತುದಿಯವರು. ತಡೆದು, ಗಂಟಲು ಸರಿಮಾಡಿಕೊಂಡು ಮಾತಾಡುವ ಮನುಷ್ಯ. ಈ ಉತ್ತರ ಮಾತ್ರ ಪ್ರಶ್ನೆ ಮುಗಿಯುವ ಮೊದಲೇ ಬಂದಿತ್ತು. ಆಮೇಲೆ ಅವಳು ಏನೂ ಕೇಳದಿದ್ದರೂ ಕಿಟಕಿಯ ಡಬ್ಬದಲ್ಲಿ ಬೆಳೆಸಿದ ಗಿಡದ ಸುದ್ದಿ ಹೇಳತೊಡಗಿದರು. ಗಿಡದಲ್ಲಿ ಮೊಗ್ಗು ಬಂದಿದೆಯಂತೆ. ಬಣ್ಣ ಯಾವುದು ಎಂದು ಕೇಳಿದಳು, ಸುಮ್ಮನೆ, ಮಾತಿಗೆ ಮಾತು. "ಬಣ್ಣದ್ದೇ ಈಗ ತಕರಾರು ನೋಡು," ಎಂದು ನಕ್ಕು ಫೋನಿಟ್ಟರು.

ಅವಳು ಪರದೆಯ ಮುಂದೆ ಕೂತಳು. ಬಂದ ಹೆಸರು ಮಸುಕು, ಬರಬೇಕಾದ ಹೆಸರು ಮಸುಕು, ಎರಡೂ ಕೂದಲು ಬೆಳೆದ ಅಕ್ಷರಗಳ ಹಾಗೆ. ನಡುವೆ ಬಾಣದ ಗುರುತಿನ ಬಟನ್ನು. ಒತ್ತಿದರೆ ಎಲ್ಲರಿಗೂ ಒಳ್ಳೆಯದು. ಆಚೆತುದಿಯವರು ಮಾಲೆ ಹಾಕಿಸಿಕೊಂಡು ಮನೆಗೆ ಹೋಗುತ್ತಾರೆ. ಇನ್‌ಚಾರ್ಜ್ ಹುಡುಗನ ಗೋಡೆ ಹಸಿರಾಗುತ್ತದೆ. ಕಾಗುಣಿತ ತಪ್ಪಿದವಳು ಎಂಬ ನಗು ಮೂಗಿನಲ್ಲೇ ಉಳಿಯುತ್ತದೆ. ಚಿಕ್ಕಂದಿನಲ್ಲಿ ಅವಳೂ ತಮ್ಮನೂ ಹೋಗುತ್ತಿದ್ದ ಶಾಲೆಯಲ್ಲಿ ಎರಡು ತರಗತಿಗೆ ಒಂದೇ ಕೋಣೆ. ಮೇಷ್ಟ್ರು ಹಾಜರಿ ಕೂಗುವಾಗ ತಮ್ಮನ ಹೆಸರು ಹತ್ತಿರ ಬರುತ್ತಿದ್ದಂತೆ ಹಿಂದಿನ ಬೆಂಚಿನವರು ಬಾಯಿಗೆ ಕೈ ಅಡ್ಡ ಹಿಡಿದು ಕಾಯುತ್ತಿದ್ದರು. ಅವಳು ಕಾಯಲು ಬಿಡುತ್ತಿರಲಿಲ್ಲ. ಹೆಸರು ಮೇಷ್ಟ್ರ ಬಾಯಿಂದ ಪೂರ್ತಿ ಬೀಳುವುದಕ್ಕೆ ಮೊದಲೇ, "ಬಂದಿದಾನೆ ಸಾರ್!" ಮೇಷ್ಟ್ರು ತಲೆಯೆತ್ತದೆ ಗೀಟೆಳೆಯುತ್ತಿದ್ದರು. ವರ್ಷವಿಡೀ ಅವನ ಹಾಜರಿ ಚೊಕ್ಕ. ವರ್ಷವಿಡೀ ಆ ಕೋಣೆಯಲ್ಲಿ ಅವನ ದನಿ ಯಾರೂ ಕೇಳಲಿಲ್ಲ. ಒಂದು ಸಂಜೆ ಮನೆಗೆ ಬರುವ ದಾರಿಯಲ್ಲಿ ಅವನು ನಿಂತುಬಿಟ್ಟ. ಕಲ್ಲೊಂದನ್ನು ಒದ್ದು, ಅದು ಹೋಗಿ ಬಿದ್ದ ಕಡೆಯೇ ನೋಡುತ್ತಾ, "ನ... ನಾನು ಹೇಳ್ತಿದ್ದೆ. ಬ... ಬರ್ತಾ ಇತ್ತು," ಎಂದ. ಅವಳು ಅವನ ಚೀಲವನ್ನು ತಾನು ಹೊತ್ತುಕೊಂಡು ಮುಂದೆ ನಡೆದಿದ್ದಳು. ಚೀಲ ಹೊತ್ತರೆ ಮುಗಿಯಿತು ಎಂದುಕೊಂಡಿದ್ದಳು. ಬೆರಳು ಬಟನ್ನಿನ ಮೇಲೆ ಹೋಗಿ ಕೂತಿತ್ತು.

"ಅಮ್ಮಾ." ಗೇಟಿನ ಕಾವಲಿನವನು ಬಾಗಿಲಲ್ಲಿ ನಿಂತಿದ್ದ. ಒಳಗೆ ಬರುವ ಹಾಗಿಲ್ಲವೆಂದು ಶೂ ಹೊರಗೇ ಇಟ್ಟು, ಹೊಸ್ತಿಲಾಚೆಯಿಂದ ಕೈ ಚಾಚಿದ್ದ. ಕೈಯಲ್ಲಿ ಅವಳ ಕನ್ನಡಕದ ಡಬ್ಬಿ. "ನಿಮ್ಮ ತಮ್ಮ ಬಂದಿದ್ರು. ಅಂಗಡಿ ಬಾಗಿಲು ಹಾಕ್ಕೊಂಡು ಬಂದಿದಾರೆ ಪಾಪ."

"ಏನಂದ?"

"ಏನಂದ್ರು ಅಂದ್ರೆ... ಎಲ್ಲಾ ಅಂದ್ರು. ಯಾರು, ಯಾರಿಗೆ ಕೊಡ್ಬೇಕು, ಯಾವ ಕೋಣೆ ಅಂತ. ಸ್ವಲ್ಪ ಟೈಮ್ ಆಯ್ತು." ಕಾವಲಿನವನು ಕುತ್ತಿಗೆ ತುರಿಸಿಕೊಂಡ. "ಹಿಂದೆ ಲಾರಿಯವನು ಹಾರನ್ ಹೊಡೀತಾನೇ ಇದ್ದ. ನಾನಂದೆ, ಅವರ ಮಾತು ಮುಗೀಲಿ, ಆಮೇಲೆ ಗೇಟು ತೆಗೀತೀನಿ, ನಿಂಗೇನು ಹೆರಿಗೆಗೆ ಹೊತ್ತಾಗಿದ್ಯಾ ಅಂತ. ಮುಗಿಸಿದ್ರು. ಆಮೇಲೆ ಲಾರಿ ಬಿಟ್ಟೆ."

ಅವಳು ಡಬ್ಬಿ ತೆಗೆದುಕೊಂಡಳು. ಅವನು ಶೂ ಮೆಟ್ಟಿಕೊಂಡು ಹೋದ. ಅವನಿಗೆ ಅದು ಮರೆತೇಹೋಗಬಹುದಾದ ಸಂಗತಿ. ಅವಳು ಒಂದು ಜೀವಮಾನದಲ್ಲಿ ಮಾಡದ್ದನ್ನು ಅವನು ಹಾರನ್ನಿನ ಸದ್ದಿನಲ್ಲಿ ನಿಂತು ಮಾಡಿ ಹೋಗಿದ್ದ. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ಏಕೋ, ಸಿಟ್ಟು ಬಂತು. ಮೂಗಿನಿಂದ ನಕ್ಕವರ ಮೇಲೆ, ತಲೆಯೆತ್ತದೆ ಗೀಟೆಳೆದ ಮೇಷ್ಟ್ರ ಮೇಲೆ, ನಿಂಬೆಹಣ್ಣಿನ ಮೇಲೆ, ಬಟನ್ನಿನ ಮೇಲೆ ಕೂತಿದ್ದ ತನ್ನ ಬೆರಳಿನ ಮೇಲೆ. ಕನ್ನಡಕ ಹಾಕಿಕೊಂಡಳು.

ಬರಬೇಕಾದ ಹೆಸರು ಗುಡ್ಡ. ಅವಳು ನಿನ್ನೆ ಬರೆದದ್ದು ಅಕ್ಷರಕ್ಕೆ ಅಕ್ಷರ ಸರಿ. ಬಂದ ಹೆಸರು ಹೊಳೆ. ಹೊಳೆಯೂ ಇದೇ ಕೋಣೆಗೆ ಬರುವ ಇನ್ನೊಂದು ಊರಿನ ದಾರಿ, ಅದರ ಬದಲಿ ದಾರಿಯೂ ಆಚೆತುದಿಯ ಅದೇ ಪ್ಯಾನೆಲ್ಲಿನ ಮೂಲಕ ಹಾದು ಬರುತ್ತದೆ. ಹಾಗಾದರೆ ಅಲ್ಲಿ ಒರೆಸಿ ವಾಪಸು ಸಿಕ್ಕಿಸುವಾಗ ಬೆಳಕು ಹರಿಯುವ ಎರಡು ಗಾಜಿನ ಎಳೆಗಳು ಅದಲುಬದಲಾಗಿವೆ. ಇಷ್ಟು ಸರಳ. ಇಲ್ಲಿ ಹೊಳೆಯ ಹೆಸರು ಕೇಳಿಸುತ್ತಿದ್ದರೆ, ಹೊಳೆಯ ಜಾಗದಲ್ಲಿ ಗುಡ್ಡದ ಹೆಸರು ಕೇಳಿಸುತ್ತಿರಬೇಕು, ಅಲ್ಲೂ ಹಳದಿ ಹತ್ತಿರಬೇಕು. ಅವಳು ಹೊಳೆಯ ಪುಟ ತೆರೆದಳು. ಹಸಿರು. ತಿಳಿ ಹಸಿರು, ನೆಮ್ಮದಿಯ ಹಸಿರು. ಬಂದ ಹೆಸರು ಗುಡ್ಡ. ಬರಬೇಕಾದ ಹೆಸರು ಗುಡ್ಡ.

ಹೊಳೆ ಯಾರ ಲಾಗಿನ್ನು ಎಂದು ನೋಡಬೇಕಾಗಿರಲಿಲ್ಲ. ತಾನೂ ಈಗ ಬಟನ್ನು ಒತ್ತಿದ್ದರೆ ಎರಡು ತಪ್ಪುಗಳು ಒಂದಕ್ಕೊಂದು ಕೈಕುಲುಕಿಕೊಂಡು ಗೋಡೆಯ ಮೇಲೆ ಹಸಿರಾಗಿ ನಿಂತಿರುತ್ತಿದ್ದವು. ಆ ಹಸಿರು ಕಾಯುತ್ತಾ ಕೂತಿರುತ್ತಿತ್ತು, ಹಲ್ಲಿನ ಯಂತ್ರ ಒಂದು ಮಾರು ಮಣ್ಣನ್ನು ದಾಟುವ ದಿನಕ್ಕೆ. ಅಂದು ಗುಡ್ಡದಾಚೆ ಯಾರೋ ಒಬ್ಬಳು ಗಂಡನ ಎದೆ ಉಜ್ಜುತ್ತಾ ಇನ್ನೊಂದು ಕೈಯಲ್ಲಿ ಆಂಬ್ಯುಲೆನ್ಸಿನ ನಂಬರು ಒತ್ತುತ್ತಾಳೆ, ಅವಳ ಕರೆ ಹೊಳೆಯ ದಾರಿ ಹಿಡಿದು, ಅವಳನ್ನು ಯಾರೂ ಕಾಯದ ಕಡೆ ಹೋಗಿ ಬೀಳುತ್ತದೆ. ಇಲ್ಲಿ ಈ ಕೋಣೆಯಲ್ಲಿ, ಪರದೆ ಹಸಿರೇ ಇದೆಯಲ್ಲ ಎಂದು ಎಲ್ಲರೂ ಕೂತಿರುತ್ತಾರೆ.

ಅವಳು ಎದ್ದು ಇನ್‌ಚಾರ್ಜ್‌ನ ಗಾಜಿನ ಕೋಣೆಗೆ ಹೋದಳು. ಕೂತುಕೊಳ್ಳಲಿಲ್ಲ.

"ಹೊಳೆಗೂ ನೀವು ಹೀಗೇ ಮಾಡಿದೀರಿ ಸರ್."

ಅವನು ಬಾಗಿಲು ಮುಚ್ಚಿದೆಯೇ ಎಂದು ನೋಡಿದ. ಆಮೇಲೆ ಇಸ್ತ್ರಿ ಕೆಡದ ಆ ಹುಡುಗ ಕುರ್ಚಿಗೆ ಬೆನ್ನು ಬಿಟ್ಟ. "ಪ್ಯಾನೆಲ್ ಒರ್ಸಿದ ದಿನವೇ ಬಂತು ಅಲಾರಂ. ಫೋನ್ ಮಾಡ್ದೆ. ಎಲ್ಲಾ ಸರಿ ಇದೆ ಅಂದ್ರು. ಸರಿ ಇಲ್ಲ ಅಂತ ನಂಗೆ ಗೊತ್ತಾಯ್ತು. ಬಣ್ಣ ನೋಡಿ ತಾನೆ ಎಳೆ ಸಿಕ್ಸೋದು, ಅವರಿಗೆ ಬಣ್ಣ ಕಾಣ್ತಿಲ್ಲ ಮೇಡಂ. ಅದು ಮೇಲಕ್ಕೆ ಹೋದ್ರೆ ಏನ್ ಮಾಡ್ತಾರೆ? ತಿಂಗಳ ಕೊನೆ ತನಕನೂ ಇಟ್ಕೊಳಲ್ಲ, ಕಣ್ಣು ಪರೀಕ್ಷೆ ಮಾಡ್ಸಿ, ಎನ್‌ಕ್ವೈರಿ ಅಂತ ನಿಲ್ಸಿ... ಅಷ್ಟು ವರ್ಷ ಮಾಡಿದ ಮನುಷ್ಯ. ಅವರು ಹೋದ್ಮೇಲೆ ಹೊಸಬರು ಬರ್ತಾರೆ, ನಿಧಾನಕ್ಕೆ ಸರಿ ಮಾಡ್ಸೋಣ ಅಂತಿದ್ದೆ. ನಿಮ್ಮ ಗುಡ್ಡದ ಕಾರ್ಡು ಇಷ್ಟು ಬೇಗ ಬರುತ್ತೆ ಅಂತ ಅಂದ್ಕೊಂಡಿರ್ಲಿಲ್ಲ."

"ನನ್ನ ಕನ್ನಡಕದ ಮೇಲೆ ಹಾಕಿದ್ರಿ."

ಅವನ ಮುಖ ಕೆಂಪಾಯಿತು. "ಅದು... ಸಾರಿ ಮೇಡಂ. ನಿಮಗೇನೂ ಆಗ್ತಿರ್ಲಿಲ್ಲ ಅದರಿಂದ."

ಎಷ್ಟು ಒಳ್ಳೆಯ ಹುಡುಗ ಎಂದು ಅವಳಿಗೆ ಅನ್ನಿಸಿತು, ಗಂಟು ಬಿಗಿಮಾಡಿದ ಅವನ ಬೆರಳುಗಳು ಮೇಜಿನ ಮೇಲೆ ಒಂದನ್ನೊಂದು ಹಿಡಿದುಕೊಂಡಿದ್ದವು. ಯಾರಿಗೂ ನೋವಾಗದ ಹಾಗೆ ಎಲ್ಲವನ್ನೂ ಹೊಂದಿಸಿಟ್ಟಿದ್ದಾನೆ. ಇದು ತಾನೇ ಹೊಲಿದ ಅಂಗಿ, ತನ್ನದೇ ಅಳತೆಯದ್ದು. ಬಂದಿದಾನೆ ಸಾರ್, ಬಂದಿದಾನೆ ಸಾರ್ ಎಂದು ಕೂಗಿದ ಬಾಯಿ ಇದೇ.

"ನಾನು ಒತ್ತಲ್ಲ," ಎಂದಳು. "ಆಚೆತುದಿಯಲ್ಲಿ ಸರಿ ಮಾಡಿಸ್ತೀನಿ. ಈಗಲೇ."

"ಮೇಡಂ, ನೀವು ಅಲ್ಲಿ ಸರಿ ಮಾಡಿದ ಕ್ಷಣ ನನ್ನ ಹೊಳೆ ಹಳದಿಯಾಗುತ್ತೆ! ನಾನು ಹೆಸರು ಬದಲಾಯಿಸಿ ಇಟ್ಟಿದೀನಲ್ಲ. ಹೆಡ್ ಆಫೀಸಿನವರು ಬರೋ ಹೊತ್ತು ಇದು."

"ಹಾಗಾದ್ರೆ ಹೊಳೆ ನೀವು ಸರಿ ಮಾಡಿ."

"ಮಾಡ್ಬೋದು. ಮಾಡಿದ್ರೆ ಯಾಕೆ ಮಾಡಿದ್ರಿ, ಮೊದಲು ಯಾಕೆ ಬದಲಾಯಿಸಿದ್ರಿ ಅಂತ ಎರಡೆರಡು ಸಲ ನನ್ನ ಹೆಸರಲ್ಲಿ ಬಂದು ಕೂತ್ಕೊಳತ್ತೆ ದಾಖಲೆಲಿ. ಬೇಡ ಮೇಡಂ. ಅವರು ಹೋಗ್ಲಿ. ನಾಳೆ ನೋಡೋಣ. ಇದು ಆರ್ಡರ್ ಅಂತ ಬೇಕಾದ್ರೂ ತಿಳ್ಕೊಳಿ."

"ತಿಳ್ಕೊಂಡೆ ಸರ್," ಎಂದು ಅವಳು ಹೊರಗೆ ಬಂದಳು. ತಿಳಿದುಕೊಳ್ಳುವುದೂ ಕೇಳುವುದೂ ಒಂದೇ ಅಲ್ಲ. ಇಷ್ಟು ವರ್ಷದಲ್ಲಿ ಆರ್ಡರ್ ಎಂಬ ಮಾತನ್ನು ಮೀರಿದವಳಲ್ಲ. ಗಾಜಿನಾಚೆ ಅವನು ಎದ್ದು ನಿಂತದ್ದು ಕಂಡಿತು, ಬರಲೋ ಬೇಡವೋ ಎಂದು ಬಾಗಿಲ ಹಿಡಿಯ ಮೇಲೆ ಕೈಯಿಟ್ಟು. ಹಾಗೇ ನಿಂತ. ಬರಲಿಲ್ಲ.

"ಅಣ್ಣಾ," ಎಂದಳು ಫೋನಿನಲ್ಲಿ. "ಎರಡು ಎಳೆ ಅದಲುಬದಲಾಗಿದೆ. ಗುಡ್ಡದ್ದು, ಹೊಳೆದು."

ಅತ್ತ ಕಡೆಯಿಂದ ಉಸಿರು ಮಾತ್ರ. ಅವಳ ನಾಲಿಗೆಯ ತುದಿಗೆ ಎಷ್ಟೋ ಮಾತುಗಳು ಬಂದವು. ನಿಮ್ಮ ತಪ್ಪಲ್ಲ ಬಿಡಿ. ಯಾರಿಗಾಗಲ್ಲ ಹೇಳಿ. ಲೇಬಲ್ಲು ಬಿದ್ದುಹೋಗಿರಬೇಕು, ಅಲ್ವಾ? ಒಂದೊಂದು ಮಾತೂ ಅವರ ಬಾಯಿಗೆ ಮೆತ್ತಗಿನ ಬಟ್ಟೆ. ಅವಳು ಹಲ್ಲು ಕಚ್ಚಿ ಹಿಡಿದಳು. ಫ್ಯಾನುಗಳು ಗುಂಯ್‌ಗುಟ್ಟಿದವು.

"ನನಗೆ ಹಳದಿ ಎಳೆ, ಹಸಿರು ಎಳೆ ಎರಡೂ ಒಂದೇ ತರ ಕಾಣುತ್ತೆ ತಂಗಿ, ಮಳೆಗಾಲದಿಂದ," ಎಂದರು ಕೊನೆಗೆ. "ಯಾರಿಗೂ ಹೇಳಿರ್ಲಿಲ್ಲ. ಆವತ್ತು ಅಂದಾಜಿನ ಮೇಲೆ ಹಾಕ್ದೆ. ಅಲಾರಂ ಬಂದ್ರೆ ನೀವು ಹೇಳ್ತೀರ, ಸರಿ ಮಾಡೋಣ ಅಂತ ಕಾದೆ. ಆ ಹುಡುಗ ಫೋನ್ ಮಾಡಿದಾಗ ಬಾಯಿ ತಪ್ಪಿ ಸರಿ ಇದೆ ಅಂದ್ಬಿಟ್ಟೆ. ಆಮೇಲೆ ಯಾರೂ ಕೇಳ್ಲೇ ಇಲ್ಲ. ಸರಿಯಾಗೇ ಇರ್ಬೇಕು ಅಂದ್ಕೊಂಡೆ. ಒಂದೊಂದ್ಸಲ ಅಂದ್ಕೊಳಕ್ಕೂ ಆಗ್ತಿರ್ಲಿಲ್ಲ." ಮತ್ತೆ ತಡೆದರು. "ಬೇರೆ ಯಾರನ್ನಾದ್ರೂ ಕಳ್ಸು. ನಾನು ಮುಟ್ಟಿ ಇನ್ನೊಂದು ಕೆಡ್ಸಿದ್ರೆ?"

"ಯಾರನ್ನೂ ಕಳ್ಸಲ್ಲ. ನೀವೇ ಮಾಡ್ತೀರಿ. ಬೆರಳಿಗೆ ಸುತ್ತೋದು ನಂಗೆ ಕಲಿಸಿದ್ದು ಯಾರು?"

ಅವರು ನಕ್ಕರು, ಗಂಟಲಲ್ಲೇ. ಈ ಕೆಲಸದವರಿಗೆ ಮಾತ್ರ ಗೊತ್ತಿರುವ ಹಳೆಯ ಉಪಾಯ ಅದು. ನೂರು ಎಳೆಗಳ ನಡುವೆ ತನ್ನ ಎಳೆ ಯಾವುದು ಎಂದು ತಿಳಿಯಬೇಕಾದರೆ ಕೀಳಬಾರದು, ಬೇರೆಯವರದ್ದಾದರೆ ಊರೇ ಮೂಕವಾಗುತ್ತದೆ. ಎಳೆಯನ್ನು ಮೆಲ್ಲಗೆ ಬೆರಳಿಗೆ ಒಂದು ಸುತ್ತು ಸುತ್ತಬೇಕು. ಬಾಗಿದ ಕಡೆಯಿಂದ ಒಂದಿಷ್ಟು ಬೆಳಕು ಸೋರುತ್ತದೆ, ಮಾತು ನಿಲ್ಲುವುದಿಲ್ಲ, ಆದರೆ ಈ ತುದಿಯಲ್ಲಿ ಕೂತವರ ಪರದೆಯ ಮೇಲೆ ಬೆಳಕಿನ ಅಳತೆ ಇಳಿಯುತ್ತದೆ. ಇಳಿದರೆ ಅದೇ ನಮ್ಮದು. ಬಿಡಿ ಎಂದರೆ ಬಿಡುತ್ತಾರೆ, ಬೆಳಕು ಮೊದಲಿನ ಮಟ್ಟಕ್ಕೆ ಏರುತ್ತದೆ. ಬಣ್ಣ ಕಾಣಬೇಕಾಗಿಲ್ಲ.

"ಮೇಲಿನ ಸಾಲಿನಿಂದ ಶುರುಮಾಡ್ತೀನಿ," ಎಂದರು. ಫೋನನ್ನು ಎಲ್ಲೋ ಇಟ್ಟ ಸದ್ದು. ಅವಳು ಅಳತೆಯ ಅಂಕಿಯ ಮೇಲೆ ಕಣ್ಣಿಟ್ಟಳು. ಒಂದು ಎಳೆ, ಅಲುಗಲಿಲ್ಲ. "ಅಲ್ಲ ಅಣ್ಣ." ಇನ್ನೊಂದು. "ಅಲ್ಲ." ಪಕ್ಕದ ಮೇಜಿನ ಇಬ್ಬರು ಕುರ್ಚಿ ತಿರುಗಿಸಿ ನೋಡುತ್ತಿದ್ದರು. ಮತ್ತೊಂದು. ಅಂಕಿ ಇಳಿಯಿತು. ಇಳಿದು ನಿಲ್ಲಲಿಲ್ಲ, ಒಂದಿಷ್ಟು ಏರಿತು, ಮತ್ತೆ ಇಳಿಯಿತು, ಗಾಳಿಗೆ ಇಟ್ಟ ದೀಪದ ಹಾಗೆ ತುಯ್ದಾಡಿತು. ಯಂತ್ರದ ದೋಷವೇ ಎಂದು ಒಂದು ಗಳಿಗೆ ಹುಬ್ಬುಗಂಟಿಕ್ಕಿ ನೋಡಿದಳು. ಆಮೇಲೆ ಗೊತ್ತಾಯಿತು. ಅದು ಅವರ ಬೆರಳು. ಹೊಳೆಯಾಚೆ, ಅವಳೆಂದೂ ನೋಡದ ಕೋಣೆಯಲ್ಲಿ, ಅವಳೆಂದೂ ನೋಡದ ಒಂದು ಮುದಿ ಕೈ ನಡುಗುತ್ತಿತ್ತು, ಆ ನಡುಕ ಬೆಳಕಿನೊಳಗೆ ಇಳಿದು, ನೆಲದಡಿ ಹರಿದು, ಇಲ್ಲಿ ಅವಳ ಕಣ್ಣಮುಂದೆ ಅಂಕಿಯಾಗಿ ಅಲುಗುತ್ತಿತ್ತು. ಇಷ್ಟು ವರ್ಷಗಳ ಮೇಲೆ ಅವಳು ಅವರನ್ನು ಕಂಡಳು.

"ಅದೇ," ಎಂದಳು. "ಅದೇ ಅಣ್ಣ. ಅದು ಹೊಳೆದು, ಗುಡ್ಡದ ಜಾಗದಲ್ಲಿ ಕೂತಿದೆ. ಗುರುತು ಕಟ್ಟಿ." ಹೊಳೆಯ ಅಳತೆಯನ್ನು ಪಕ್ಕದಲ್ಲೇ ತೆರೆದಿಟ್ಟುಕೊಂಡಳು, ಅದಕ್ಕೂ ಅದೇ ಉಪಾಯ, ಅಲ್ಲೂ ಅದೇ ನಡುಕ. ಈಗ ಎರಡನ್ನೂ ಕಿತ್ತು ಅದಲುಬದಲು ಮಾಡಬೇಕು. "ಕೀಳ್ಲಾ?" ಎಂದರು. "ಕೀಳಿ," ಎಂದಳು.

ಪರದೆಯ ಮೇಲೆ ಗುಡ್ಡದ ಬದಲಿ ದಾರಿ ಕೆಂಪಾಯಿತು. ಬೆಳಕಿಲ್ಲ. ಹೊಳೆಯದ್ದೂ ಕೆಂಪು. ಗೋಡೆಯ ದೊಡ್ಡ ಪರದೆಯಲ್ಲೂ ಎರಡು ಕೆಂಪು ಹತ್ತಿಕೊಂಡವು. ಹೊರಗೆ ಕಾರುಗಳ ಬಾಗಿಲು ಮುಚ್ಚಿದ ಸದ್ದು. ಇನ್‌ಚಾರ್ಜ್ ಗಾಜಿನ ಕೋಣೆಯಿಂದ ಹೊರಬಿದ್ದು, ಅವಳ ಕಡೆ ಒಂದು ಸಲ, ಬಾಗಿಲ ಕಡೆ ಒಂದು ಸಲ ನೋಡಿ, ಬಾಗಿಲ ಕಡೆ ಓಡಿದ. ಫೋನಿನಲ್ಲಿ ಅತ್ತಲಿಂದ ಏನೂ ಇಲ್ಲ. ಒಂದು ತುದಿ ಗೂಡಿಗೆ ತಾಗಿ ಜಾರಿದ ಸಣ್ಣ ಕಿರ್ ಸದ್ದು. ಮತ್ತೆ ಕಿರ್. ಮೇಲೆ, ಸ್ವಲ್ಪ ಎಡಕ್ಕೆ, ಕಿವಿಗೆ ಕ್ಲಿಕ್ ಕೇಳೋ ತನಕ ತಳ್ಳಿ ಅಣ್ಣ ಎಂದು ಅವಳ ಬಾಯೊಳಗೆ ಮಾತುಗಳು ಸಾಲುಗಟ್ಟಿ ನಿಂತವು. ಬರ್ತಾ ಇದೆ, ಎಂದುಕೊಂಡಳು. ಅವರದ್ದು ಬರ್ತಾ ಇದೆ. ಬೂಟುಗಳ ಸದ್ದು ಮೊಗಸಾಲೆ ದಾಟಿ ಕೋಣೆಯೊಳಗೆ ಬಂತು. ಅವಳು ತಿರುಗಲಿಲ್ಲ, ಮಾತೂ ಆಡಲಿಲ್ಲ. ಕಾದಳು.

ಕ್ಲಿಕ್. ಆಮೇಲೆ, ಇನ್ನೊಂದು.

"ಆಯ್ತು ತಂಗಿ," ಎಂದರು ಆಚೆತುದಿಯವರು, ಗಂಟಲು ಸರಿಮಾಡಿಕೊಂಡು. "ಈಗ ನೋಡು. ನಾನು ಲೈನಲ್ಲೇ ಇರ್ತೀನಿ."

ಬಂದ ಹೆಸರು ಗುಡ್ಡ. ಬರಬೇಕಾದ ಹೆಸರು ಗುಡ್ಡ. ಹಸಿರು. ಅದರ ಕೆಳಗಿನ ಸಾಲಿನಲ್ಲಿ, ಹುಡುಗ ಹೇಳಿದ್ದ ಹಾಗೇ, ಹೊಳೆಯ ಕೆಂಪು ಆರಿ ಹಳದಿ ಹತ್ತಿತು. ಹೊಳೆ ಈಗ ತನ್ನ ಹೆಸರನ್ನು ತಾನೇ ಹೇಳಿಕೊಳ್ಳುತ್ತಿತ್ತು, ಅದನ್ನು ಬೇರೆ ಹೆಸರಿನಲ್ಲಿ ಕಾಯುತ್ತಿದ್ದ ಯಂತ್ರ ಹಳದಿ ಕಣ್ಣು ಬಿಡುತ್ತಿತ್ತು. ಗೋಡೆಯ ಮೇಲೆ ಅದೊಂದೇ ಚುಕ್ಕೆ, ಕೋಣೆಯಲ್ಲಿ ಯಾರ ಕಣ್ಣಿಗೂ ತಪ್ಪದಂತೆ.

"ಏನಮ್ಮ ಅದು ಹಳದಿ?" ಹೆಡ್ ಆಫೀಸಿನ ಹಿರಿಯರು ಪರದೆಯ ಹತ್ತಿರ ಬಂದು, ಫೋನು ಹಿಡಿದು ಕೂತಿದ್ದ ಅವಳನ್ನು ಕೇಳಿದರು.

"ಅದೇನಿಲ್ಲ ಸರ್," ಎಂದ ಇನ್‌ಚಾರ್ಜ್, ಅವಳು ಬಾಯಿ ತೆರೆಯುವ ಮೊದಲೇ. ಅವನ ಹಣೆಯ ಮೇಲೆ ಆ ಚಳಿಯಲ್ಲೂ ಬೆವರಿತ್ತು. "ಟೆಸ್ಟಿಂಗ್ ನಡೀತಿತ್ತು. ಮೇಡಂಗೆ ಕನ್ನಡಕ..."

ಅವಳು ಎದ್ದು ನಿಂತಳು. ತಲೆ ತಾಗಿ ರಟ್ಟಿನ ತುಂಡು ತೂಗಾಡಿತು. ರಿಸೀವರನ್ನು ಕೆಳಗಿಡದೆ, ಆಚೆತುದಿಗೂ ಕೇಳಿಸುವಂತೆ ಎದೆಯ ಹತ್ತಿರ ಹಿಡಿದುಕೊಂಡಳು.

"ಅವರು ಕೇಳಿದ್ದು ನನ್ನನ್ನ ಸರ್," ಎಂದಳು. "ನಾನೇ ಹೇಳ್ತೀನಿ. ಸ್ವಲ್ಪ ಹೊತ್ತು ಹಿಡಿಯುತ್ತೆ. ನಿಂತ್ಕೊಂಡು ಕೇಳಿ."